ನೀರಿನ ಕಾಲು

"ಗುರುಗಳೇ, ನಡೆಯಲು ಕಾಲು ಕೊಟ್ಟ ಮೇಲೆ ಈಜಲೂ ಒಂದು ಕಾಲು ಬೇಕೆನ್ನುವುದು ದುರಾಸೆಯಲ್ಲವೇ?"

ಕೇಳಿದವನು ಮಠದ ಶಿಷ್ಯ ಶಂಕರಲಿಂಗ. ಆ ದಿನ ಮಠದಲ್ಲಿ ಕಾಲು ಕಳೆದುಕೊಂಡ ಹನ್ನೊಂದು ಮಂದಿಗೆ ಮರದ ಕಾಲುಗಳನ್ನು ಕೊಡಲಾಗಿತ್ತು. ಬೆಳಗಿನ ಈಜು ಮುಗಿಸಿ ಬಂದು, ಒದ್ದೆ ಕೂದಲಲ್ಲೇ ಪಟ್ಟಿ ಹಿಡಿದು ನಿಂತು, ಒಬ್ಬೊಬ್ಬರ ಹೆಸರು ಕೂಗಿದವನು ಶಂಕರಲಿಂಗನೇ. ಹತ್ತು ಮಂದಿ ಕೈಮುಗಿದು ಹೋದರು. ಹನ್ನೊಂದನೆಯವನು ಹಗ್ಗ ಹೊಸೆಯುವವನು. ಅವನು ಕಾಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದನ್ನ ಕಟ್ಕೊಂಡು ನೀರಿಗಿಳೀಬಹುದಾ ಬುದ್ಧಿ? ನಾನು ಮೊದಲೆಲ್ಲ ಈಜ್ತಿದ್ದೆ" ಎಂದು ಕೇಳಿದ. ಶಿಷ್ಯ ಎಲ್ಲರೆದುರಿಗೇ ಅವನನ್ನು ಗದರಿಸಿದ್ದ. ಹಗ್ಗದವನು ಎದ್ದು ಹೋಗಲಿಲ್ಲ. ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮಠದ ಬಾಗಿಲ ಬಳಿ ಕುಳಿತೇ ಇದ್ದ.

ಗುರು ಬಾಗಿಲ ಕಡೆ ನೋಡಿದರು. ಆಮೇಲೆ ಶಿಷ್ಯನ ಕಡೆ ತಿರುಗಿ, "ಕೂತುಕೋ" ಎಂದರು. ಆ ದನಿ ಮೆತ್ತಗಿರಲಿಲ್ಲ.

ಗುರು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಊರ ಪಕ್ಕದಲ್ಲಿ ಹೊಳೆ ಹರಿಯುತ್ತಿತ್ತು. ಕುಂಬಾರ ಹಗಲೆಲ್ಲ ತಿಗರಿಯ ಮುಂದೆ ಕೂರುತ್ತಿದ್ದ. ಸಂಜೆಯಾದರೆ ಮೈಗೆ ಮೆತ್ತಿದ ಮಣ್ಣಿನ ಸಮೇತ ಹೊಳೆಗಿಳಿಯುತ್ತಿದ್ದ. ಆಚೆ ದಡ ಮುಟ್ಟುತ್ತಿದ್ದ, ಈಚೆ ದಡಕ್ಕೆ ಬರುತ್ತಿದ್ದ. ಅವನು ಮೀನು ಹಿಡಿಯುವವನಲ್ಲ, ದೋಣಿ ನಡೆಸುವವನಲ್ಲ. ಈಜುತ್ತಿದ್ದ, ಅಷ್ಟೇ. "ನೀರಿಗಿಳಿದರೇನೇ ನನಗೆ ದಿನ ಮುಗಿದ ಹಾಗೆ" ಎಂದು ಹೆಂಡತಿಗೆ ಹೇಳುತ್ತಿದ್ದ.

ಒಂದು ದಿನ ಮಣ್ಣು ಅಗೆಯುವಾಗ ಗುಂಡಿಯ ಅಂಚು ಕುಸಿಯಿತು. ಅವನ ಬಲಗಾಲು ಜಜ್ಜಿಹೋಯಿತು. ವೈದ್ಯ ಮೊಣಕಾಲಿನ ಕೆಳಗೆ ಕತ್ತರಿಸಿ ಜೀವ ಉಳಿಸಿದ.

ಅದೇ ಊರಿನಲ್ಲಿ ಒಬ್ಬ ವರ್ತಕನಿದ್ದ. ವರ್ಷಕ್ಕೊಂದು ದಿನ ಪೆಂಡಾಲು ಹಾಕಿಸಿ ದಾನ ಮಾಡುತ್ತಿದ್ದ. ಆ ವರ್ಷ ಅವನು ಒಳ್ಳೆಯ ಬಡಗಿಯನ್ನು ಕರೆಸಿ ಕುಂಬಾರನಿಗೆ ಸಾಗುವಾನಿಯ ಕಾಲು ಮಾಡಿಸಿದ. ಅದಕ್ಕೆ ಐದು ಬೆರಳು, ಬೆರಳಿಗೆ ಉಗುರು, ಪಕ್ಕದಲ್ಲಿ ಕಾಲಿನ ಗಂಟು, ಎಲ್ಲ ಇದ್ದವು. ಕುಂಬಾರ ಅದನ್ನು ಕಟ್ಟಿಕೊಂಡು ನಾಲ್ಕು ಹೆಜ್ಜೆ ನಡೆದ. ಅವನ ಕಣ್ಣು ತುಂಬಿಬಂತು. ಆ ಕಣ್ಣೀರು ಸುಳ್ಳಲ್ಲ, ಆ ಕಾಲು ಕೆಟ್ಟದ್ದೂ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀನು ನನ್ನ ಕತೆಯಲ್ಲಿ ಹುಳುಕು ಹುಡುಕಬೇಡ.

ಅವತ್ತು ಸಂಜೆ ಕುಂಬಾರ ಹೊಳೆಗೆ ಹೋದ. ಸೊಂಟದ ಮಟ್ಟದ ನೀರಿಗಿಳಿದು ಮೈಯನ್ನು ಮುಂದಕ್ಕೆ ಚಾಚಿದ. ಮರದ ಕಾಲು ಮೇಲಕ್ಕೆದ್ದಿತು, ತಲೆ ಕೆಳಗಾಯಿತು. ನೀರು ಕುಡಿದು, ಕೈಬಡಿದು, ಹೇಗೋ ದಡ ಸೇರಿದ. ಮರುದಿನ ಮರದ ಕಾಲನ್ನು ಬಿಚ್ಚಿಟ್ಟು ಇಳಿದ. ಒಂದೇ ಕಾಲು ತಳ್ಳಿದರೆ ಮೈ ಒಂದೇ ಕಡೆಗೆ ತಿರುಗುತ್ತಿತ್ತು. ಸೆಳವು ಅವನನ್ನು ಎಳೆದುಕೊಂಡು ಹೋಗಿ ಪೊದೆಗೆ ಸಿಕ್ಕಿಸಿತು. ಅಂದಿನಿಂದ ಅವನು ಸಂಜೆ ಹೊತ್ತು ದಡದಲ್ಲಿ ಕೂರತೊಡಗಿದ. ಹೋಗುವವರು ಬರುವವರು "ಪಾಪ" ಎನ್ನುತ್ತಿದ್ದರು. ಪಾಪ ಎನ್ನುವುದಕ್ಕೆ ಯಾರಿಗೂ ಏನೂ ಖರ್ಚಿಲ್ಲ ನೋಡು.

ಅದೇ ದಡಕ್ಕೆ ಬುಟ್ಟಿ ಹೆಣೆಯುವವಳೊಬ್ಬಳು ಬಿದಿರಿನ ಸೀಳು ನೆನೆಹಾಕಲು ಬರುತ್ತಿದ್ದಳು. ಅವಳು ನಾಲ್ಕು ದಿನ ಅವನನ್ನು ನೋಡಿದಳು. ಊರವರೆಲ್ಲ ಅವನನ್ನು ಕೇಳಿದ್ದು ಒಂದೇ, ಕಾಲು ಹೇಗೆ ಹೋಯಿತು ಎಂದು. ಅವಳು ಅದನ್ನು ಕೇಳಲಿಲ್ಲ.

"ನೀರಲ್ಲಿ ಆ ಕಾಲು ಏನು ಮಾಡ್ತಿತ್ತು ಅಣ್ಣಾ?" ಎಂದಳು.

ಕುಂಬಾರ ಅದನ್ನು ಯೋಚಿಸಿಯೇ ಇರಲಿಲ್ಲ. ಉಳಿದ ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಆಡಿಸಿ ನೋಡಿದ. "ತಳ್ತಿತ್ತು ಅಕ್ಕಾ" ಎಂದ.

"ಹಾಗಾದರೆ ಅದಕ್ಕೆ ಬೆರಳು ಯಾಕೆ?" ಎಂದಳು ಅವಳು.

ಮೊದಲು ಅವಳು ಬಿದಿರು ಹೆಣೆದು, ಒಳಗೆ ಒಣ ಸೋರೆಬುರುಡೆ ಕಟ್ಟಿ ಕೊಟ್ಟಳು. ಈಜು ಕಲಿಯುವ ಮಕ್ಕಳ ಬೆನ್ನಿಗೆ ಕಟ್ಟುತ್ತಾರಲ್ಲ, ಅದೇ ಬುರುಡೆ. ಕಾಲು ತೇಲಿತು, ಕುಂಬಾರ ಮತ್ತೆ ತಲೆಕೆಳಗಾದ. ಬುರುಡೆ ತೆಗೆದು ಕಲ್ಲು ಕಟ್ಟಿದಳು. ಕಾಲು ಮುಳುಗಿತು, ಅವನನ್ನೂ ಎಳೆಯಿತು. ಅವಳು ಬೈದುಕೊಂಡಳು, ಬಿಚ್ಚಿದಳು, ಮತ್ತೆ ಹೆಣೆದಳು. ಕೊನೆಗೆ ಚಿಕ್ಕದೊಂದು ಬುರುಡೆಯೊಳಗೆ ಮರಳು ತುಂಬಿದಳು. ಹಿಡಿಹಿಡಿಯಾಗಿ ತುಂಬಿ, ಕಾಲನ್ನು ನೀರಿಗಿಟ್ಟು ನೋಡಿ, ಮತ್ತಷ್ಟು ತುಂಬಿದಳು. ಅದು ಮೇಲಕ್ಕೂ ಏಳದೆ, ಕೆಳಕ್ಕೂ ಇಳಿಯದೆ ನಿಲ್ಲುವವರೆಗೆ ಬಿಡಲಿಲ್ಲ. ಪಾದದ ಜಾಗದಲ್ಲಿ ಚಿಕ್ಕ ಮೊರದಂಥದ್ದನ್ನು ಹೆಣೆದು, ಹರಿಗೋಲಿಗೆ ಹೊದಿಸುವಂತೆ ತೊಗಲು ಹೊದಿಸಿದಳು. ಮೊಂಡುಗಾಲು ಕೂರುವ ಕಡೆ ಹಳೆಯ ಸೀರೆಯನ್ನು ಮಡಿಚಿಟ್ಟಳು. ನೋಡಲು ಅದು ಕಾಲಿನಂತಿರಲಿಲ್ಲ. ಅರ್ಧ ಮೊರ, ಅರ್ಧ ಕಪ್ಪೆಪಾದ.

ಕುಂಬಾರ ಅದನ್ನು ತೊಡೆಗೆ ಬಿಗಿದು ನೀರಿಗಿಳಿದ. ಒಂದು ಸಲ ತಳ್ಳಿದ. ಮೈ ನೇರವಾಗಿ ಮುಂದಕ್ಕೆ ಹೋಯಿತು. ಇನ್ನೊಂದು ಸಲ ತಳ್ಳಿದ. ನಡುಹೊಳೆ ಮುಟ್ಟಿದಾಗ ಅವನು ಜೋರಾಗಿ ನಗುತ್ತಿದ್ದ. ದಡದಲ್ಲಿ ನಿಂತಿದ್ದ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆಮೇಲೆ ಅದೇ ರೂಢಿಯಾಯಿತು. ಸಾಗುವಾನಿ ಕಾಲಿನಲ್ಲಿ ದಡದವರೆಗೆ ನಡೆದು ಬರುವುದು, ಅದನ್ನು ಬಿಚ್ಚಿ ಬಿದಿರಿನ ಕಾಲು ಕಟ್ಟಿಕೊಳ್ಳುವುದು, ಆಚೆ ದಡ ಮುಟ್ಟಿ ಬರುವುದು. ಯಾರಿಗೇನು ತೊಂದರೆ? ಹೇಳು, ಯಾರಿಗೇನು ತೊಂದರೆ?

ಆದರೆ ವರ್ತಕನ ದಾನದ ದಿನ ಮತ್ತೆ ಬಂತು. ಆ ದಿನ ಕುಂಬಾರ ವೇದಿಕೆ ಹತ್ತಬೇಕಿತ್ತು. ಪಂಚೆಯನ್ನು ಮೊಣಕಾಲಿನ ಮೇಲಕ್ಕೆತ್ತಿ ವರ್ತಕ ಕೊಟ್ಟ ಕಾಲನ್ನು ಜನರಿಗೆ ತೋರಿಸಬೇಕಿತ್ತು. ಕೊಟ್ಟವನ ಮರ್ಯಾದೆ ಹೆಚ್ಚಲಿ ಎಂದು ತೆಗೆದುಕೊಂಡವನು ಪಂಚೆ ಎತ್ತಬೇಕು! ಥೂ! ಇದಕ್ಕೆ ದಾನ ಎಂದು ಹೆಸರು ಬೇರೆ.

ಹೇಳಿದ ಹೊತ್ತಿಗಿಂತ ಮೊದಲೇ ಜನ ಸೇರಿದ್ದರು. ಕುಂಬಾರ ಇನ್ನೂ ಹೊಳೆಯಲ್ಲಿದ್ದ. ವರ್ತಕನ ಇಬ್ಬರು ಆಳುಗಳು ಓಡಿಬಂದರು. ಕಾಲು ಬದಲಿಸಲೂ ಬಿಡಲಿಲ್ಲ. ಸಾಗುವಾನಿಯ ಕಾಲನ್ನು ಒಬ್ಬ ಜೋಪಾನವಾಗಿ ಹೆಗಲ ಮೇಲೆ ಹೊತ್ತ. ಕುಂಬಾರನನ್ನು ಇನ್ನೊಬ್ಬ ರಟ್ಟೆ ಹಿಡಿದು ದರದರ ಎಳೆದುಕೊಂಡು ಬಂದ.

ಒದ್ದೆ ಮೈಯಲ್ಲಿ, ಮೊರದಂಥ ಪಾದವನ್ನು ಪಟಪಟ ಬಡಿಯುತ್ತ ಅವನು ವೇದಿಕೆ ಹತ್ತಿದ. ಜನ ಬಿದ್ದು ಬಿದ್ದು ನಕ್ಕರು. ವರ್ತಕನ ಮುಖ ಕಪ್ಪಿಟ್ಟಿತು.

"ನಾನು ಕೊಟ್ಟ ಕಾಲು ಬಿಟ್ಟು ಇದೇನಯ್ಯಾ ಮೊರ ಕಟ್ಕೊಂಡು ಬಂದಿದ್ದೀಯ?"

"ಅದು ನೆಲಕ್ಕೆ ಧಣಿ. ಇದು ನೀರಿಗೆ."

"ನೀರಲ್ಲಿ ನಿನಗೇನು ಕೆಲಸ? ಮೀನು ಹಿಡೀತೀಯಾ? ದೋಣಿ ನಡೆಸ್ತೀಯಾ?"

"ಇಲ್ಲ ಧಣಿ. ಈಜ್ತೀನಿ."

"ಯಾಕೆ?"

ಕುಂಬಾರ ಮುಖದ ನೀರು ಒರೆಸಿಕೊಂಡ. "ಈಜೋದಕ್ಕೆ" ಎಂದ.

ಜನ ಮತ್ತೆ ನಕ್ಕರು. ತನ್ನನ್ನೇ ನೋಡಿ ನಕ್ಕರೆಂದು ವರ್ತಕನಿಗೆ ಅನಿಸಿತು. ಅವನು ಕೆಂಡಾಮಂಡಲವಾದ. "ಕೈಕಾಲಿಲ್ಲದವನಿಗೆ ಶೋಕಿ ಬೇರೆ ಕೇಡು! ಆ ಮೊರವನ್ನು ಈಗಲೇ ಒಲೆಗೆ ಹಾಕು. ಆಗದಿದ್ದರೆ ನನ್ನ ಕಾಲನ್ನು ಇಲ್ಲೇ ಬಿಟ್ಟು ಹೋಗು" ಎಂದು ಕೂಗಿದ.

ಸಾಗುವಾನಿಯ ಕಾಲನ್ನು ಮೇಜಿನ ಮೇಲಿಟ್ಟು ಹಾರ ಹಾಕಿದ್ದರು. ಅದು ಹೋದರೆ ಕುಂಬಾರ ಕೋಲು ಹಿಡಿಯಬೇಕು. ಕೋಲು ಹಿಡಿದ ಕೈಯಲ್ಲಿ ಮಣ್ಣು ಹೊರಲಾಗದು, ಗಡಿಗೆ ಹೊರಲಾಗದು. ಅದೆಲ್ಲ ಹೆಂಡತಿಯ ತಲೆಯ ಮೇಲೆ ಬೀಳುತ್ತದೆ. ಅವನು ಗುಂಪಿನಲ್ಲಿದ್ದ ಹೆಂಡತಿಯನ್ನು ನೋಡಿದ. ಅವಳು ತಲೆಯಾಡಿಸಿ, ಬಾ ಎಂದು ಕೈ ಮಾಡಿದಳು. ಕುಂಬಾರ ಕೈಮುಗಿದ. ವರ್ತಕನಿಗಲ್ಲ, ಒಂದು ವರ್ಷ ತನ್ನನ್ನು ಹೊತ್ತ ಆ ಕಾಲಿಗೆ. ಆಮೇಲೆ ಹೆಂಡತಿಯ ಹೆಗಲು ಹಿಡಿದು ಕುಂಟುತ್ತ ಮನೆಗೆ ಹೋದ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

"ಗೊತ್ತಾಯಿತು ಗುರುಗಳೇ. ಆ ಮಳೆಗಾಲದಲ್ಲಿ ಹೊಳೆ ತುಂಬಿ ಬಂತು. ವರ್ತಕನ ಮಗ ಕೊಚ್ಚಿಹೋದ. ಕುಂಬಾರ ನೀರಿನ ಕಾಲು ಕಟ್ಟಿಕೊಂಡು ಹಾರಿ ಅವನನ್ನು ಎಳೆದು ತಂದ. ವರ್ತಕ ಅವನ ಕಾಲಿಗೆ ಬಿದ್ದ. ಅಲ್ಲವೇ?"

ಗುರು ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಕುಟ್ಟಿದರು.

"ಯಾರೂ ಕೊಚ್ಚಿಹೋಗಲಿಲ್ಲ! ಯಾರೂ ಯಾರ ಕಾಲಿಗೂ ಬೀಳಲಿಲ್ಲ! ಆ ಊರು ನನ್ನದೇ. ಅವತ್ತು ನಕ್ಕವರಲ್ಲಿ ನಾನೂ ಒಬ್ಬ. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ವರ್ತಕ ಒಂದು ದಿನವೂ ಕಾಲು ಒದ್ದೆ ಮಾಡಿಕೊಳ್ಳದೆ ಮುದುಕನಾಗಿ ಸತ್ತ. ಅವನ ಪಡಸಾಲೆಯ ಗೋಡೆಗೆ ಆ ಸಾಗುವಾನಿ ಕಾಲನ್ನು ತೂಗುಹಾಕಿ, ಕೆಳಗೆ ಅವನ ಹೆಸರು ಬರೆಸಿದ್ದರು. ಕಾಲು ಬೇಕಾದವರು ಊರಲ್ಲಿ ಇನ್ನೂ ಮೂವರಿದ್ದರು. ಅದು ಗೋಡೆ ಬಿಟ್ಟು ಇಳಿಯಲಿಲ್ಲ. ಕುಂಬಾರನ ಹೆಂಡತಿ ಸಾಯುವವರೆಗೆ ಮಣ್ಣು ಹೊತ್ತಳು. ಕುಂಬಾರ ದಿನಾ ಸಂಜೆ ಕೋಲೂರಿಕೊಂಡು, ನಾಲ್ಕು ಕಡೆ ಕೂತು ಎದ್ದು, ಹೊಳೆಗೆ ಹೋದ. ಈಜಿದ. ಮನೆಗೆ ಬಂದ. ಅಷ್ಟೇ ಕತೆ."

ಶಿಷ್ಯ ತಲೆತಗ್ಗಿಸಿದ. ಅವನಿಗೆ ಸಮಾಧಾನವಾಗಿರಲಿಲ್ಲ. ಬಾಗಿಲ ಬಳಿ ಹಗ್ಗದವನು ಇನ್ನೂ ಕುಳಿತಿದ್ದ. ಅವನು ಇವರ ಕಡೆಗೇ ನೋಡುತ್ತಿದ್ದ.

"ಆದರೂ ಗುರುಗಳೇ," ಎಂದ ಶಿಷ್ಯ ಮೆಲ್ಲಗೆ, "ಆ ನೀರಿನ ಕಾಲಿನಿಂದ ಯಾರಿಗೇನು ಪ್ರಯೋಜನವಾಯಿತು?"

ಗುರು ಅವನ ಒದ್ದೆ ಕೂದಲನ್ನು ನೋಡಿದರು.

"ಇವತ್ತು ಬೆಳಿಗ್ಗೆ ನೀನು ಕಲ್ಯಾಣಿಯಲ್ಲಿ ಮೂರು ಸುತ್ತು ಈಜಿದೆಯಲ್ಲ, ಅದರಿಂದ ಯಾರಿಗೇನು ಪ್ರಯೋಜನವಾಯಿತು?"