ಬಿಗಿಯಾದ ರಿಂಗ್

“ಗುರುಗಳೇ, ಪಕ್ಕದ ಮಠದ ಶಿಷ್ಯರು ಆರಾಮವಾಗಿದ್ದಾರೆ. ನನ್ನನ್ನು ಮಾತ್ರ ನೀವು ಇಷ್ಟು ಬಿಗಿ ಹಿಡಿದಿರುವುದು ಯಾಕೆ?” ಎಂದು ಶ್ರೀಕಂಠ ಕೇಳಿದ. ಅವನು ಗಂಟುಮೂಟೆ ಕಟ್ಟಿಕೊಂಡೇ ಬಂದಿದ್ದ.

ಗುರುಗಳು ಗಂಟನ್ನು ನೋಡಿ ನಕ್ಕರು. “ಹೋಗುವುದಾದರೆ ಹೋಗು. ಬಸ್ಸಿಗೆ ಇನ್ನೂ ಹೊತ್ತಿದೆ, ಒಂದು ಕತೆ ಕೇಳಿಕೊಂಡು ಹೋಗು,” ಎಂದು ಕೂರಿಸಿಕೊಂಡರು.

ಒಬ್ಬ ಫೋಟೋಗ್ರಾಫರ್ ಇದ್ದ. ಅವನ ಬಳಿ ಹಳೆಯದೊಂದು ಲೆನ್ಸ್ ಇತ್ತು. ಮೈಯೆಲ್ಲ ಲೋಹ, ಕೈಗೆ ಕಲ್ಲಿನಷ್ಟು ಭಾರ. ದೂರದ್ದನ್ನು ಹತ್ತಿರ ತರುವುದು ಅದಕ್ಕೆ ಗೊತ್ತಿಲ್ಲ. ಬೇಕಾದರೆ ಇವನೇ ನಡೆದು ಹೋಗಬೇಕು. ತಾನಾಗಿ ಫೋಕಸ್ ಮಾಡುವುದೂ ಇಲ್ಲ. ಲೆನ್ಸಿನ ಸುತ್ತ ಇರುವ ರಿಂಗನ್ನು ಕೈಯಿಂದಲೇ ತಿರುಗಿಸಬೇಕು. ಆ ರಿಂಗೋ, ಮಹಾ ಬಿಗಿ. ಮದುವೆ ಸೀಸನ್ನಿನಲ್ಲಿ ಬೆರಳು ಊದಿಕೊಂಡು ಅನ್ನ ಕಲಸಲೂ ಆಗುತ್ತಿರಲಿಲ್ಲ. “ಇದನ್ನು ಮಾಡಿದ ಪುಣ್ಯಾತ್ಮನಿಗೆ ಬೆರಳೇ ಇರಲಿಲ್ಲವೇನೋ,” ಎಂದು ಬೈದುಕೊಳ್ಳುತ್ತಿದ್ದ. ಸಡಿಲ ಮಾಡಿಸಬೇಕೆಂದಿದ್ದ, ಪುರುಸೊತ್ತು ಸಿಕ್ಕಿರಲಿಲ್ಲ. ಬಿಡುವಂತೆಯೂ ಇರಲಿಲ್ಲ. ಅದರ ಬಾಯಿ ಅಗಲ. ದೀಪದ ಬೆಳಕೊಂದಿದ್ದರೂ ಚಿತ್ರ ಹಿಡಿಯುತ್ತಿತ್ತು.

ಒಂದು ಮದುವೆಗೆ ಕರೆ ಬಂತು. ಮದುಮಗಳು ತಾಯಿಯಿಲ್ಲದವಳು, ಅಜ್ಜಿ ಸಾಕಿದ ಕೂಸು. ಅಜ್ಜಿ ಹಾಸಿಗೆ ಹಿಡಿದಿದ್ದಳು, ಮಂಟಪಕ್ಕೆ ಬರುವಂತಿರಲಿಲ್ಲ. ಅವನನ್ನು ಹತ್ತಿರ ಕರೆದು, “ಗಂಡು ಹೆಣ್ಣಿನ ನಡುವೆ ಅಂತರಪಟ ಸರಿಯುತ್ತಲ್ಲ, ಆಗ ನನ್ನ ಕೂಸಿನ ಮುಖ ಹೇಗಿತ್ತು ಅಂತ ನೋಡಬೇಕಪ್ಪ. ಅದೊಂದೇ ಸಾಕು ನನಗೆ,” ಎಂದಳು. ಅವನು ಮಾತು ಕೊಟ್ಟ.

ಆ ಮನೆತನದಲ್ಲಿ ಮುಹೂರ್ತಕ್ಕೆ ಎಣ್ಣೆದೀಪದ ಹೊರತು ಬೇರೆ ಬೆಳಕು ಕೂಡದು. ಲೆನ್ಸಿನ ಬಾಯಿ ಪೂರ್ತಿ ತೆರೆಯಲೇಬೇಕು. ಹಾಗೆ ತೆರೆದರೆ ರಿಂಗ್ ಕೂದಲೆಳೆಯಷ್ಟು ಸರಿದರೂ ಮುಖ ಮಸುಕು. ಪಟ ಹಿಡಿದ ಮೇಲೆ ಗಂಡಿನ ಕಡೆಯಿಂದ ಮದುಮಗಳು ಕಾಣುವುದಿಲ್ಲ. ಪಟ ಸರಿದ ಮೇಲೆ ಫೋಕಸ್ ಮಾಡಲು ಹೊತ್ತಿರುವುದಿಲ್ಲ. ಅದಕ್ಕೇ ಅವನು ಮೊದಲೇ, ಅವಳು ನಿಲ್ಲುವ ಜಾಗದಲ್ಲಿ ಅವಳ ಸೋದರಮಾವನನ್ನು ನಿಲ್ಲಿಸಿದ. ಮಾವ ಮದುಮಗಳಿಗಿಂತ ಹೆಚ್ಚು ನಾಚಿಕೊಂಡ. ಆ ನಾಚಿದ ಮುಖಕ್ಕೇ ಫೋಕಸ್ ಮಾಡಿ, ಕಾಲು ಕದಲಿಸದೆ ಕಾದು ನಿಂತ.

ಗಟ್ಟಿಮೇಳ ಶುರುವಾಯಿತು. ಅಕ್ಷತೆ ಹಾಕುವವರೆಲ್ಲ ಒಮ್ಮೆಗೇ ಮುನ್ನುಗ್ಗಿದರು. ಯಾರದೋ ಮೊಣಕೈ ಲೆನ್ಸಿಗೆ ಬಡಿಯಿತು, ಯಾರದೋ ಶಾಲು ರಿಂಗನ್ನು ತೀಡಿಕೊಂಡು ಹೋಯಿತು. ರಿಂಗ್ ಸರಿದಿದೆಯೋ ಎಂದು ನೋಡಹೋದ. ಅಷ್ಟರಲ್ಲಿ ಪಟ ಸರಿಯಿತು. ದೇವರ ಮೇಲೆ ಭಾರ ಹಾಕಿ ಗುಂಡಿ ಒತ್ತಿದ. ಆಮೇಲೆ ನೋಡಿದರೆ, ಎಲ್ಲಿ ಇಟ್ಟಿದ್ದನೋ ರಿಂಗ್ ಅಲ್ಲೇ ನಿಂತಿತ್ತು.

ಮರುದಿನ ಅಜ್ಜಿ ಫೋಟೋವನ್ನು ಕೈಗೆ ತೆಗೆದುಕೊಂಡಳು. ಕಣ್ಣಂಚಿನ ಕಾಡಿಗೆ, ಅಲ್ಲಿ ನಿಂತ ನೀರು, ತುಟಿಯ ಮೇಲಿನ ನಗು, ಎಲ್ಲ ನಿಚ್ಚಳವಾಗಿತ್ತು. “ಇವಳಮ್ಮನೂ ಹೀಗೇ ನಕ್ಕಿದ್ದಳು. ನಿನ್ನ ಹೊಟ್ಟೆ ತಣ್ಣಗಿರಲಪ್ಪ,” ಎಂದು ಅವನ ಊದಿದ ಬೆರಳುಗಳನ್ನು ಕಣ್ಣಿಗೊತ್ತಿಕೊಂಡಳು.

ಅವನು ಲೆನ್ಸನ್ನು ಎತ್ತಿಕೊಂಡ. ಹೊರಗೆ ಬಂದು ಜಗಲಿಯಲ್ಲಿ ಕೂತ. ಲೆನ್ಸ್ ಮಾಡಿದವನ ಹೆಸರು, ಊರು ಒಂದೂ ಅವನಿಗೆ ಗೊತ್ತಿರಲಿಲ್ಲ. ಯಾವ ದಿಕ್ಕಿಗೆ ಕೈ ಮುಗಿಯಬೇಕೆಂದು ತಿಳಿಯದೆ ಲೆನ್ಸಿಗೇ ಮುಗಿದ.

ಗುರುಗಳು ಕತೆ ನಿಲ್ಲಿಸಿದರು. ಬಸ್ಸಿನ ಹಾರನ್ ಕೇಳಿಸಿತು. ಶ್ರೀಕಂಠ ಗಂಟಿನ ಮೇಲೆ ಕೈಯಿಟ್ಟ, ಎತ್ತಲಿಲ್ಲ.

“ಆ ನೂಕುನುಗ್ಗಲಿನಲ್ಲಿ ತಾನು ಜೊತೆಗಿರುವುದಿಲ್ಲ ಎಂದು ಗೊತ್ತಿದ್ದೇ ಲೆನ್ಸ್ ಮಾಡಿದವನು ರಿಂಗನ್ನು ಬಿಗಿ ಮಾಡಿದ್ದ, ಮಗೂ. ನಿನ್ನ ನೂಕುನುಗ್ಗಲಿನಲ್ಲಿ ನಾನೂ ಇರುವುದಿಲ್ಲ.”