ಬರಿದಾದ ಊರಿಗೆ ಒಕ್ಕಲು ಕರೆದವನು

“ಕೇಳ್ರಪ್ಪೋ ಕೇಳಿ! ನಿಡುವಳ್ಳಿಯ ದೊರೆ ತಿಮ್ಮರಸನಾಯಕರ ಅಪ್ಪಣೆ! ರಾಜಕುಮಾರಿ ಹೊನ್ನಾಜಿಗೆ ಮದ್ದು ಕೊಡಲು ಬರುವವನು ಮೊದಲು ಆಕೆ ಕೇಳುವ ಮೂರು ಒಗಟು ಬಿಡಿಸತಕ್ಕದ್ದು. ಬಿಡಿಸಿದವನಿಗೆ ಕೇಳಿದ್ದು ಸಿಗುವುದು. ತಪ್ಪಿದವನ ತಲೆ ಹೋಗುವುದು!”

ಸಂತೆಗೆ ಬೆಣ್ಣೆ ತಂದಿದ್ದ ಗೊಲ್ಲರ ಹಟ್ಟಿಯ ಚಿತ್ತಯ್ಯ ಡಂಗುರ ಕೇಳಿ ನಿಂತ. ಪಕ್ಕದಲ್ಲಿದ್ದ ಹೆಂಗಸು ಹೇಳಿದಳು: “ಜ್ವರಕ್ಕೆ ಕಟುಮದ್ದು ಕೊಟ್ಟರಂತೆ. ಜ್ವರ ಬಿಟ್ಟಿತು, ಮದ್ದು ಮಾತ್ರ ಬಿಡಲಿಲ್ಲ; ಎರಡು ವರ್ಷದಿಂದ ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಹನ್ನೊಂದು ಮಂದಿ ವೈದ್ಯರು ಬಂದು ಇನ್ನಷ್ಟು ಕೆಡಿಸಿದರು. ಅದಕ್ಕೇ ದೊರೆಗೆ ಈ ಸಿಟ್ಟು.”

ಚಿತ್ತಯ್ಯನಿಗೆ ತನ್ನ ಕೊಟ್ಟಿಗೆ ನೆನಪಾಯಿತು. ಅವನ ಆರು ಕರುಗಳಿಗೂ ಹೀಗೇ ಆಗಿತ್ತು. ಭೇದಿಗೆ ಮದ್ದು ಹಾಕಿದ ಮೇಲೆ ಕರುಗಳು ಬಡವಾದವು. ಮೂರನ್ನು ಹಾಗೇ ಬಿಟ್ಟು, ಇನ್ನು ಮೂರಕ್ಕೆ ಗಟ್ಟಿಮುಟ್ಟಾದ ಹಸುವಿನ ಬಾಯಿಯ ಮೆಲುಕು ತೆಗೆದು ತಿನ್ನಿಸಿ, ದಿನವೂ ನೋಡಿದ್ದ. ತಿನ್ನಿಸಿದವು ಮೂರೂ ಚೇತರಿಸಿಕೊಂಡವು, ಹಾಗೇ ಬಿಟ್ಟವು ಚೇತರಿಸಿಕೊಳ್ಳಲಿಲ್ಲ. ಇದನ್ನು ತಿಳಿದೂ ಮನೆಗೆ ಹೋಗಿ ಉಣ್ಣುವುದು ಹೇಗೆ? ಬೆಣ್ಣೆಯ ಗಡಿಗೆಯನ್ನು ಆ ಹೆಂಗಸಿನ ಕೈಗೆ ಕೊಟ್ಟು ಅರಮನೆಯ ಕಡೆ ನಡೆದ.

ಒಡ್ಡೋಲಗದಲ್ಲಿ ಅವನಿಗಿಂತ ಮೊದಲು ಇಬ್ಬರು ನಿಂತಿದ್ದರು. ಪರದೆಯ ಹಿಂದಿನಿಂದ ಹೊನ್ನಾಜಿಯ ಸೋತ ದನಿ ಬಂತು: “ಒಂದು ಊರಿದೆ. ಅಲ್ಲಿ ಹೊತ್ತು ಹುಟ್ಟುವುದಿಲ್ಲ, ದೀಪ ಹಚ್ಚುವವರಿಲ್ಲ, ಒಕ್ಕಲು ಮಾತ್ರ ಲೆಕ್ಕವಿಲ್ಲದಷ್ಟು. ಊರನ್ನು ಹೊತ್ತು ತಿರುಗುವವನು ಅವರಲ್ಲಿ ಒಬ್ಬನನ್ನೂ ಕಂಡಿಲ್ಲ. ಯಾವ ಊರು?”

“ಹುತ್ತ,” ಎಂದ ಜರತಾರಿ ಶಾಲಿನ ಪಂಡಿತ.

“ಹುತ್ತವನ್ನು ಹೊತ್ತು ತಿರುಗುವವರುಂಟೇ?”

“ಪಾತಾಳ,” ಎಂದ ಪರದೇಶದ ಮಾಂತ್ರಿಕ.

“ಅದನ್ನು ಹೊತ್ತವರನ್ನೂ ನಾನು ಕಂಡಿಲ್ಲ.”

ಕಾವಲಿನವರು ಇಬ್ಬರನ್ನೂ ಸೆರೆಗೆ ಎಳೆದೊಯ್ದರು. ಅಮಾವಾಸ್ಯೆಗೆ ಅವರ ತಲೆ ಹೋಗುವುದಿತ್ತು. ಪಂಡಿತನ ಅಳು ಓಣಿಯ ಕೊನೆಯವರೆಗೂ ಕೇಳಿಸಿತು. ಚಿತ್ತಯ್ಯ ಮುಂದೆ ಬಂದ.

“ಹೊಟ್ಟೆ, ತಾಯಿ,” ಎಂದ. “ಕರುಳಿನೊಳಗೆ ಕಣ್ಣಿಗೆ ಕಾಣದ ಜೀವಗಳಿವೆ. ಹೆಪ್ಪು ಹಾಕಿದ ಹಾಲು ಮೊಸರಾಗುತ್ತದೆ. ಅಲ್ಲಿ ದುಡಿಯುವವರು ನಮಗೆ ಕಾಣುತ್ತಾರೆಯೇ?”

ಪರದೆ ಅಲುಗಿತು. “ಆ ಊರಿಗೆ ಕಳ್ಳರು ನುಗ್ಗಿದರು. ಓಡಿಸಲು ದಂಡು ಬಂತು. ಕಳ್ಳರೂ ಸತ್ತರು, ಒಕ್ಕಲೂ ಸತ್ತಿತು. ಆ ದಂಡು ಯಾವುದು?”

ಉತ್ತರ ಚಿತ್ತಯ್ಯನಿಗೆ ಹೊಳೆದಿತ್ತು. ಆದರೆ ಆಸ್ಥಾನ ವೈದ್ಯ ನರಹರಿ ಪಂಡಿತರು ದೊರೆಯ ಪಕ್ಕದಲ್ಲೇ ಕುಳಿತಿದ್ದರು. ಹೇಳಿದರೂ ತಲೆ ಹೋಗಬಹುದು, ಹೇಳದಿದ್ದರೆ ಹೋಗುವುದು ಖಂಡಿತ.

“ಜ್ವರಕ್ಕೆ ಕೊಟ್ಟ ಮದ್ದು, ತಾಯಿ.”

ನರಹರಿ ಪಂಡಿತರು ದಡಕ್ಕನೆ ಎದ್ದರು. “ನಾನು ಅದನ್ನು ಕೊಡದಿದ್ದರೆ ಮಗು ಅಂದೇ ಹೋಗುತ್ತಿತ್ತು!”

“ಹೌದು ಸ್ವಾಮಿ, ಅಂದು ಕೊಡಲೇಬೇಕಿತ್ತು. ಜ್ವರ ಬಿಟ್ಟ ಮೇಲೂ ಅದನ್ನೇ ಕೊಡುತ್ತ ಬಂದದ್ದು ತಪ್ಪಾಯಿತು.”

ದೊರೆ ಕೈ ಎತ್ತಿ ಪಂಡಿತರನ್ನು ಕೂರಿಸಿದ. ಹೊನ್ನಾಜಿ ಮೂರನೆಯದನ್ನು ಕೇಳಿದಳು: “ಬರಿದಾದ ಊರಿಗೆ ಒಕ್ಕಲು ಮರಳಬೇಕು. ಚಿನ್ನಕ್ಕೆ ಬಾರದು, ರಾಜಾಜ್ಞೆಗೆ ಬಾರದು. ಏನು ಕೊಟ್ಟರೆ ಬರುತ್ತದೆ? ಬಂದದ್ದು ಏನು ಕೊಟ್ಟರೆ ಉಳಿಯುತ್ತದೆ?”

“ನನ್ನ ಕರುಗಳಿಗೆ ಗಟ್ಟಿ ಹಸುವಿನ ಮೆಲುಕಿನಿಂದ ಬಂತು; ಮನುಷ್ಯರಿಗೆ ಹುಳಿ ಬಂದ ಅಂಬಲಿ, ಕಡೆದ ಮಜ್ಜಿಗೆ ಕೊಟ್ಟರೆ ಬರುತ್ತದೆ. ಹೊಟ್ಟು ತೆಗೆಯದ ರಾಗಿ, ಹುರುಳಿ, ಸೊಪ್ಪು ಕೊಟ್ಟರೆ ಉಳಿಯುತ್ತದೆ. ನಮಗೆ ಅರಗದ ನಾರೇ ಅವುಗಳಿಗೆ ಊಟ.”

ದೊರೆ ಮಗಳ ಕಡೆ ತಿರುಗಿದ. “ಸರಿಯೇ, ಮಗಳೇ?”

“ಗೊತ್ತಿಲ್ಲ ಅಪ್ಪಾಜಿ. ಎರಡು ವರ್ಷ ನನ್ನ ಹೊಟ್ಟೆಯನ್ನೇ ನೋಡಿ, ಓಲೆಗರಿಯಲ್ಲಿ ಬರೆದು, ಮೊದಲಿನೆರಡನ್ನು ಕಂಡುಕೊಂಡೆ. ಇದು ಮಾತ್ರ ತಿಳಿಯಲಿಲ್ಲ. ಉಂಡೇ ನೋಡಬೇಕು.”

“ಇಪ್ಪತ್ತೊಂದು ದಿನ,” ಎಂದ ದೊರೆ. “ಅಲ್ಲಿಯವರೆಗೆ ಯಾರ ತಲೆಯೂ ಹೋಗಬಾರದು. ಆಮೇಲೆ ಮೂವರದ್ದೂ ನೋಡೋಣ.”

ಅಡುಗೆಮನೆಯ ಬಾಗಿಲಿಗೆ ಕತ್ತಿ ಹಿಡಿದ ಕಾವಲು ಬಂತು. ಚಿತ್ತಯ್ಯ ಅಂಬಲಿ ಕಾಸಿ ಹುಳಿ ಬರಲು ಇಟ್ಟ, ಸೊಪ್ಪು ಬೇಯಿಸಿದ. ನಾಲ್ಕನೆಯ ದಿನ ಹೊನ್ನಾಜಿಯ ಹೊಟ್ಟೆ ಉಬ್ಬರಿಸಿತು, ಅವಳು ನೋವಿಗೆ ಚೀರಿದಳು. ದೊರೆ ಅಡುಗೆಮನೆಯ ಬಾಗಿಲವರೆಗೆ ಬಂದು ಅವನನ್ನು ನೋಡಿ ಹೋದ. ಚಿತ್ತಯ್ಯ ಸೌಟು ಕೆಳಗಿಟ್ಟ. ಇಷ್ಟಕ್ಕೇ ನಿಲ್ಲಿಸಿಬಿಡಲೇ? ಕರುಗಳಿಗೂ ಮೊದಲು ಉಬ್ಬರಿಸಿತ್ತಲ್ಲ. ಅಳತೆ ಕಡಿಮೆ ಮಾಡಿ, ಚಮಚ ಚಮಚವಾಗಿ ಕೊಡಿಸಿದ. ಒಂಬತ್ತನೆಯ ದಿನ ಉಂಡದ್ದು ನಿಂತಿತು. ಹದಿನೈದಕ್ಕೆ ಅವಳು ಇನ್ನೊಂದು ಬಟ್ಟಲು ಕೇಳಿದಳು. ಇಪ್ಪತ್ತೊಂದನೆಯ ದಿನ ಪರದೆ ಸರಿಸಿ, ತಾನೇ ನಡೆದು ಸಭೆಗೆ ಬಂದಳು.

“ಊರು ನನ್ನ ಹೊಟ್ಟೆ,” ಎಂದು ಎಲ್ಲರೆದುರು ಬಿಡಿಸಿ ಹೇಳಿದಳು. “ದಂಡು, ನನ್ನನ್ನು ಉಳಿಸಿದ ಮದ್ದೇ. ಒಕ್ಕಲನ್ನು ಕರೆದು ಉಣ್ಣಿಸಿದವನು ಇವನು.”

ದೊರೆ ಸಿಂಹಾಸನದಿಂದ ಇಳಿದು ಬಂದ. “ಏನು ಬೇಕು ಕೇಳಪ್ಪ.”

“ಸೆರೆಯಲ್ಲಿರುವ ಇಬ್ಬರನ್ನು ಬಿಟ್ಟುಬಿಡಿ, ಬುದ್ಧಿ.”

ಅವರು ಬಿಡುಗಡೆಯಾದರು. ದೊರೆ ಅಷ್ಟಕ್ಕೇ ಸುಮ್ಮನಾಗದೆ, ಚಿತ್ತಯ್ಯನಿಗೆ ಅರಮನೆಯ ಮಗ್ಗುಲಲ್ಲಿ ಮನೆ, ಐವತ್ತು ಹಸು, ಮಗಳ ಜೊತೆ ಹೊಟ್ಟೆಯ ರೋಗಗಳನ್ನು ಶೋಧಿಸುವ ಅಧಿಕಾರ ಕೊಟ್ಟ. ನರಹರಿ ಪಂಡಿತರೂ ಆ ಶೋಧನೆಗೆ ಬಂದು ಕೂರತೊಡಗಿದರು.

ಮೊದಲ ದಿನವೇ ಹೊನ್ನಾಜಿ ಕೇಳಿದಳು: “ಆಗತಾನೇ ಹುಟ್ಟಿದ ಕೂಸಿನ ಹೊಟ್ಟೆಗೆ ಮೊದಲ ಒಕ್ಕಲು ಎಲ್ಲಿಂದ ಬರುತ್ತದೆ?”

ಚಿತ್ತಯ್ಯನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಆಮೇಲೆ ಅವನಿಗೇ ನಗು ಬಂತು.

“ಗೊತ್ತಿಲ್ಲ, ತಾಯಿ,” ಎಂದ.