ಹುಲಿ ವರ್ಷದ ದ್ಯಾಮಣ್ಣ

ದ್ಯಾಮಣ್ಣ ಬಾವಿಗಿಳಿದು ಹೂಳೆತ್ತುವವನು. ಮೇಲೆ ನಿಂತು ಅವನ ಸೊಂಟದ ಹಗ್ಗ ಹಿಡಿಯುವವನು ಓಬಯ್ಯ. ಹನ್ನೊಂದು ವರ್ಷದಿಂದ ಇದೇ ಜೋಡಿ. ಒಮ್ಮೆ ಕಾಲಿಗೆ ಚೇಳು ಕುಟುಕಿದಾಗಲೂ ಓಬಯ್ಯ ಹಗ್ಗ ಬಿಟ್ಟಿರಲಿಲ್ಲ. ಕುಣಿದ, ಬೈದ, ಅತ್ತ. ಬಿಡಲಿಲ್ಲ.

ಒಂದು ಸಂಜೆ ದ್ಯಾಮಣ್ಣ ಗೋಬಿ ಮಂಚೂರಿ ಗಾಡಿಗೆ ಹೋದ. ಅಲ್ಲಿ ಚೀನಾದವರ ಹನ್ನೆರಡು ಪ್ರಾಣಿಗಳ ಪಟ ಅಂಟಿಸಿದ್ದರು. ಹುಟ್ಟಿದ ವರ್ಷಕ್ಕೊಂದು ಪ್ರಾಣಿ, ಪ್ರಾಣಿಗೊಂದು ಗುಣ. ಆಧಾರ್ ಕಾರ್ಡು ತೆಗೆದು ನೋಡಿಕೊಂಡ. ೧೯೮೬, ಜೂನ್ ಒಂದು. ಹುಲಿ! ಕೂತಿದ್ದ ಸ್ಟೂಲು ಸಾಲದೆ ಎದ್ದು ನಿಂತ. ಪಟದ ಕೆಳಗೆ ಇನ್ನೊಂದು ಸಾಲಿತ್ತು: ಹುಲಿಗೆ ಮಂಗ ಆಗಿಬರದು, ನಾಯಿ ಪ್ರಾಣ ಕೊಟ್ಟಾದರೂ ಕಾಯುತ್ತದೆ.

ಓಬಯ್ಯ ಮಂಗನ ವರ್ಷದವನು.

"ನಾಳೆಯಿಂದ ನೀನು ಬರಬೇಡ ಕಣೋ."

"ಯಾಕಣ್ಣ, ನಾನೇನು ತಪ್ಪು ಮಾಡಿದೆ?"

"ತಪ್ಪೇನಿಲ್ಲ. ನೀನು ಮಂಗ."

"ನಮ್ಮವ್ವ ದಿನಾ ಅದನ್ನೇ ಹೇಳ್ತಾಳೆ. ಅದಕ್ಕೆ ಕೆಲಸ ಬಿಡಿಸ್ತಾರಾ?"

ದ್ಯಾಮಣ್ಣ ನಗಲಿಲ್ಲ. ನಾಯಿ ವರ್ಷದ ತಿಪ್ಪೇಶಿಯನ್ನು ಹುಡುಕಿ ಕರೆತಂದ. ಅವನು ಹುಟ್ಟಿದಾಗಿನಿಂದ ಒಮ್ಮೆಯೂ ಹಗ್ಗ ಹಿಡಿದವನಲ್ಲ. ವರ್ಷ ಸರಿಯಿತ್ತಲ್ಲ, ಸಾಕಾಯಿತು.

ಮೂರನೇ ದಿನ ಒಂದು ಪಾಳುಬಾವಿ. ಓಬಯ್ಯನಾಗಿದ್ದರೆ ಮೊದಲು ದೀಪ ಇಳಿಬಿಡುತ್ತಿದ್ದ. ಕೆಟ್ಟ ಗಾಳಿಗೆ ದೀಪ ಆರಿದರೆ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. "ಹುಲಿಗೆಂಥಾ ದೀಪ!" ಎಂದು ದ್ಯಾಮಣ್ಣ ಇಳಿದೇ ಬಿಟ್ಟ. ತಳ ಮುಟ್ಟುತ್ತಲೇ ಎದೆ ಬಿಗಿಯಿತು. ಹಗ್ಗ ಎರಡು ಸಲ ಜಗ್ಗಿದ. ಎರಡು ಸಲ ಜಗ್ಗಿದರೆ ಮೇಲಕ್ಕೆಳೆ ಎಂದರ್ಥ. ಹಗ್ಗವೇ ಪೂರ್ತಿ ಕೆಳಗೆ ಬಂದು ತಲೆಯ ಮೇಲೆ ಬಿತ್ತು. ಮೇಲೆ ತಿಪ್ಪೇಶಿ ಅದನ್ನು ಒಂದು ಕಲ್ಲಿಗೆ ಸುತ್ತಿಟ್ಟು ಬೀಡಿ ಸೇದಲು ಹೋಗಿದ್ದ.

ದ್ಯಾಮಣ್ಣ ಇದ್ದ ಉಸಿರಲ್ಲಿ ಒಂದೇ ಹೆಸರು ಕೂಗಿದ. "ಓಬಯ್ಯಾ..."

ಓಬಯ್ಯ ಬಂದ. ಹೆಣ ಎತ್ತಲು ಬಂದ.

ಪಟದ ಸಂಗತಿ ಕೇಳಿ ದ್ಯಾಮಣ್ಣನ ತಾಯಿ ಬೋರವ್ವ ಎದೆ ಬಡಿದುಕೊಂಡಳು. "ಯಾವ ಹುಲಿನಪ್ಪಾ! ಅದು ಇಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಖು. ತಲೆ ಮೇಲಿಂದ ಕೈ ಹಾಕಿಸಿ ಆ ಕಡೆ ಕಿವಿ ಮುಟ್ಟಿಸಿದ್ರು. ಮುಟ್ಟಿದ. ಆರು ವರ್ಷ ಅಂತ ಬರಕೊಂಡ್ರು. ಇವನು ಹುಟ್ಟಿದ ವರ್ಷ ಹೆತ್ತ ನನಗೇ ಗೊತ್ತಿಲ್ಲ."

ಹಗ್ಗ ಇನ್ನೂ ಓಬಯ್ಯನ ಕೈಯಲ್ಲೇ ಇತ್ತು.

ನೀತಿ: ನಿಮ್ಮ ಹಗ್ಗ ಹಿಡಿದವನು ಯಾವ ವರ್ಷ ಹುಟ್ಟಿದ ಎಂದು ಕೇಳಬೇಡಿ, ಇಷ್ಟು ದಿನ ಕೈ ಬಿಟ್ಟನೇ ಎಂದು ನೋಡಿ. ಮನುಷ್ಯನ ಗುಣ ಅವನು ಮಾಡಿದ್ದರಲ್ಲಿ ಇರುತ್ತದೆ, ಪಟದಲ್ಲಲ್ಲ. ಗೋಬಿ ಗಾಡಿಗೆ ಹೋದರೆ ಗೋಬಿ ತಿಂದು ಮನೆಗೆ ಬನ್ನಿ.